ಬದಲಿ ವೈನ್

ಖಾಲಿ ಬಾಟಲಿಯನ್ನು ಕೌಂಟರಿನ ಮೇಲಿಟ್ಟು ಅವಳು ಬೇರೆಲ್ಲೋ ನೋಡಿದಳು.

"ಇದೇ ವೈನ್ ಬೇಕು."

"ಅದು ಬರೋದು ನಿಂತೇ ಹೋಯ್ತಲ್ಲ, ಮೇಡಂ."

"ಮೇಡಂ ಅಂದ್ರೆ ಎದ್ದು ಹೋಗ್ತೀನಿ ನೋಡಿ."

"ನಿಂತಿರೋಳು ಎದ್ದು ಹೋಗೋದು ಹೇಗೆ?"

ನಗಲಿಲ್ಲ. ತುಟಿಯ ಒಂದು ತುದಿ ಮಾತ್ರ ಕದಲಿತು. ಆ ತುದಿಗಾಗಿಯೇ ನಾನು ದಿನವೆಲ್ಲ ನನ್ನ ವೈನ್ ಅಂಗಡಿಯ ಬಾಗಿಲು ನೋಡುತ್ತಿದ್ದೆ.

ಅವಳು ಎದುರಿನ ಕನ್ನಡಕದ ಅಂಗಡಿಯವಳು. ಗಂಡ ತೀರಿಕೊಂಡ ಮೇಲೂ ಅತ್ತೆಯ ಜೊತೆಗೇ ಇದ್ದಳು. ಮದುವೆಯಾಗೋಣವೇ ಎಂದು ನಾನು ಕೇಳಿದ್ದೆ; ಹೂಂ ಎಂದಿದ್ದಳು. ಅತ್ತೆಗೆ ಹೇಳಹೊರಟಾಗಲೆಲ್ಲ ಬೇರೇನೋ ಮಾತು ತೆಗೆದು ಎದ್ದು ಬರುತ್ತಿದ್ದಳು. ನಾಳೆ ಅತ್ತೆಯ ಹುಟ್ಟುಹಬ್ಬ. ಮಗ ಬದುಕಿದ್ದಾಗ ಅಮ್ಮನಿಗೆಂದು ಪೀಚ್ ಹಣ್ಣಿನ ಜೆಲ್ಲಿಯನ್ನು ಈ ವೈನ್ ಹಾಕಿಯೇ ಮಾಡುತ್ತಿದ್ದ. ಆಮೇಲೆ ಇವಳು ಹಾಗೆಯೇ ಮಾಡಿಕೊಂಡು ಬಂದಳು.

ಮೊದಲು ಕಪ್ಪು ದ್ರಾಕ್ಷಿಯ ಸಿಹಿ ವೈನ್ ಕೊಟ್ಟೆ. ಚಮಚದಲ್ಲಿ ಬೆಳಕಿಗೆ ಹಿಡಿದಳು.

"ಜೆಲ್ಲಿ ಕಪ್ಪಾಗುತ್ತೆ. ಹಣ್ಣೇ ಕಾಣಲ್ಲ."

ಇನ್ನೊಂದು ತಿಳಿ ಹೊನ್ನಿನ ಬಣ್ಣದ್ದು, ಕಿತ್ತಳೆ ಹೂವಿನ ಪರಿಮಳದ್ದು. ನಾಲಿಗೆಗೆ ತಾಗಿಸಿ ಕಣ್ಣು ಮುಚ್ಚಿದಳು.

"ಚೆನ್ನಾಗಿದೆ. ಆದ್ರೆ ಅದಲ್ಲ."

"ಅದಲ್ಲ, ನಿಜ."

"ಈ ಹಳೇ ಬಾಟಲಿಗೆ ತುಂಬಿಸಿ ಕೊಡಿ. ಅತ್ತೆಗೆ ಲೇಬಲ್ ಕಂಡ್ರೆ ಸಾಕು."

ನನ್ನ ಕೈ ಹಿಂದೆ ಸರಿಯಿತು. "ಆಮೇಲೆ ನನ್ನನ್ನ ಯಾವುದಕ್ಕೆ ತುಂಬಿಸಿ ಅವರ ಮುಂದೆ ಇಡ್ತೀಯ?"

ಅವಳ ಕಣ್ಣು ತುಂಬಿತು. ಬಾಟಲಿ ಎತ್ತಿಕೊಂಡು ಬಿರಬಿರನೆ ಹೋದಳು. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ.

ಬೆಳಿಗ್ಗೆ ಫೋನ್ ಬಂತು. "ಆ ಕಿತ್ತಳೆ ಹೂವಿನದ್ದೇ ತನ್ನಿ. ಅದರದ್ದೇ ಬಾಟಲಿಯಲ್ಲಿ. ನೀವೂ ಬನ್ನಿ."

ಅವಳ ಅಡುಗೆಮನೆಯಲ್ಲಿ, ಜೆಲ್ಲಿ ಗಟ್ಟಿಯಾಗಲೆಂದು ಜೆಲಟಿನ್ ಕರಗಿಸಿದ ಹಣ್ಣಿನ ರಸ ಆರಲೆಂದು ಕಾದೆವು. ಬಿಸಿಗೆ ಸುರಿದರೆ ವೈನಿನ ಪರಿಮಳ ಹಾರಿಹೋಗುತ್ತದೆ. ಪಾತ್ರೆ ಮುಟ್ಟಿ ನೋಡಲು ಇಬ್ಬರೂ ಕೈಚಾಚಿದೆವು, ಬೆರಳು ತಾಗಿತು.

"ಬಿಸಿ ಆರಿದ್ಯಾ?"

"ಪಾತ್ರೇದೋ, ನಿನ್ನ ಕೋಪದ್ದೋ?"

"ಎರಡೂ ಆರಿಲ್ಲ," ಎಂದಳು. ಕೈ ಮಾತ್ರ ತೆಗೆಯಲಿಲ್ಲ.

ಸಂಜೆ ಅತ್ತೆ ಒಂದು ಚಮಚ ಬಾಯಿಗಿಟ್ಟು, ಚಮಚ ಕೆಳಗಿಟ್ಟರು.

"ಇದು ಅವನದಲ್ಲ."

ಅವಳ ಮುಖ ಬಿಳಿಚಿಕೊಂಡಿತು. "ಅಲ್ಲ ಅತ್ತೆ. ವೈನ್ ಇವರು ಆರಿಸಿದ್ದು. ನಾನು ಇವರನ್ನ ಮದುವೆ ಆಗ್ಬೇಕು ಅಂತಿದೀನಿ."

ಅತ್ತೆ ನನ್ನ ಕಡೆ ತಿರುಗಿದರು.

"ಮಗಾ ಅಂತ ಕರೆಯೋಕೆ ನನ್ನಿಂದ ಆಗಲ್ಲಪ್ಪಾ."

"ಕರೀಬೇಡಿ ಅಮ್ಮಾ."

"ಅವನ ಜೆಲ್ಲಿ ಅಂತ ಕೊಟ್ಟಿದ್ರೆ ಬಟ್ಟಲು ತಳ್ಳಿಬಿಡ್ತಿದ್ದೆ." ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು. "ಸಿಹಿ ಸ್ವಲ್ಪ ಕಮ್ಮಿ," ಎಂದರು.

ಅಳುತ್ತಲೇ ಇನ್ನೊಂದು ಚಮಚ ತಿಂದರು.