ಏಳನೇ ಪುಟ

"ಆ ಸ್ಟಾಪ್‌ವಾಚ್ ಇಲ್ಲಿ ಕೊಡಿ."

ದನಿ ಏರಿರಲಿಲ್ಲ. ಆದರೂ ಹನ್ನೆರಡು ಹೊಲಿಗೆ ಮೆಷಿನ್‌ಗಳು ಒಟ್ಟಿಗೆ ನಿಂತುಬಿಟ್ಟವು!

ಅವಳು ಬೆಚ್ಚಿ ತಿರುಗಿದಳು. ಎದುರಿಗೆ ಎತ್ತರದ ಮನುಷ್ಯ. ಅಂಗಿಯ ತೋಳಿನ ತುಂಬ ನೂಲಿನ ತುಣುಕು, ಜೇಬಿನಲ್ಲಿ ಹಸಿರು ಪೆನ್ನು, ಚಾಚಿದ ಅಂಗೈ. ಶಾಲಾ ಬ್ಯಾಗ್ ಹೊಲಿಯುವ ಆ ಶೆಡ್ಡಿನ ಸೂಪರ್‌ವೈಸರ್ ಇವನೇ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ನಾನು ಕಾಲೇಜಿನ ಲೆಕ್ಚರರ್. ನಿಮ್ಮ ಓನರ್ ಪರ್ಮಿಷನ್ ಕೊಟ್ಟಿದ್ದಾರೆ."

"ಒಳಗೆ ಬರೋಕೆ ಕೊಟ್ಟಿದ್ದಾರೆ ಮೇಡಂ. ನಮ್ಮತ್ತೆ ಬೆನ್ನ ಹಿಂದೆ ನಿಂತ್ಕೊಂಡು ಟಿಕ್ ಟಿಕ್ ಅನ್ನಿಸೋಕಲ್ಲ."

ಮೊದಲನೇ ಮೆಷಿನ್ನಿನಲ್ಲಿ ಬ್ಯಾಗಿಗೆ ಪಟ್ಟಿ ಹೊಲಿಯುತ್ತಿದ್ದ ಅವನ ಸೋದರತ್ತೆ ಕನ್ನಡಕದ ಮೇಲಿಂದ ಇಣುಕಿದಳು. "ಹೋಗ್ಲಿ ಬಿಡೋ. ಪಾಪ, ಅಳೋ ಹಾಗಿದಾಳೆ."

ಅಳೋ ಹಾಗಿದಾಳಂತೆ! ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸ್ಟಾಪ್‌ವಾಚನ್ನು ಅವನ ಅಂಗೈಗೆ ಕುಕ್ಕಿದಳು. ಬೆರಳಿಗೆ ಬೆರಳು ತಾಗಿತು. ಸಿಟ್ಟು ಬಂದದ್ದು ನಿಜ. ಸಿಟ್ಟಿನ ಬೆನ್ನಿಗೇ ಇನ್ನೇನೋ ಬಂದದ್ದೂ ನಿಜ. ಅದನ್ನು ಅವಳು ಒಪ್ಪಿಕೊಳ್ಳಲು ಇನ್ನೂ ನಾಲ್ಕು ತಿಂಗಳು ಬೇಕಿತ್ತು ಬಿಡಿ.

ಬೇರೆ ದಿನವಾಗಿದ್ದರೆ ಅವಳು ದಡದಡನೆ ಹೊರಟೇಬಿಡುತ್ತಿದ್ದಳು. ಆದರೆ ಆ ದಿನ ಹೋಗುವ ಹಾಗಿರಲಿಲ್ಲ.

ಅವಳು ಕಲಿಸುತ್ತಿದ್ದದ್ದು ಇಂಡಸ್ಟ್ರಿಯಲ್ ಎಂಜಿನಿಯರಿಂಗ್. ಕೆಲಸ ಹೇಗೆ ಸಾಗುತ್ತದೆ, ಎಲ್ಲಿ ನಿಲ್ಲುತ್ತದೆ, ಯಾರ ಬೆನ್ನು ನೋಯುತ್ತದೆ ಎಂದು ಕಂಡುಹಿಡಿಯುವ ವಿದ್ಯೆ. ಅವಳ ವಿದ್ಯಾರ್ಥಿಗಳೋ, ಬೋರ್ಡಿನ ಮೇಲೆ ಬರೆದ ಕಾರ್ಖಾನೆ ಬಿಟ್ಟರೆ ಬೇರೆ ಕಾರ್ಖಾನೆ ಕಂಡವರಲ್ಲ! ಇವರನ್ನು ಕಾರ್ಖಾನೆಗೇ ಕರೆದೊಯ್ದು ಕಲಿಸುತ್ತೇನೆ ಎಂದು ಅವಳು ಎರಡು ವರ್ಷ ವಿಭಾಗದ ಮುಖ್ಯಸ್ಥರ ತಲೆ ತಿಂದಿದ್ದಳು. ಕೊನೆಗೆ ಅವರು, "ಆಯ್ತಮ್ಮಾ, ಒಂದೇ ಒಂದು ಸೆಮಿಸ್ಟರ್. ಕೊನೇಲಿ ಪಠ್ಯ ಮಂಡಳಿ ಒಪ್ಪಿದರೆ ಈ ಪಾಠ ಉಳಿಯುತ್ತೆ. ಇಲ್ಲಾಂದ್ರೆ ಮತ್ತೆ ಹಳೇ ಪುಸ್ತಕ, ಹಳೇ ಪ್ರಶ್ನೆಪತ್ರಿಕೆ," ಎಂದಿದ್ದರು. ಆರು ಕಾರ್ಖಾನೆಯವರು ಬಾಗಿಲಲ್ಲೇ ಕೈಮುಗಿದು ಕಳಿಸಿದ್ದರು. ಇದು ಏಳನೆಯದು.

"ಹಾಗಾದ್ರೆ ನಾನು ಮಕ್ಕಳಿಗೆ ಹೇಗೆ ಕಲಿಸ್ಲಿ? ನೀವೇ ಹೇಳಿ!" ಎಂದಳು.

ಅವನು ಒಂದು ಕ್ಷಣ ಅವಳನ್ನೇ ನೋಡಿದ. "ಬೆನ್ನ ಹಿಂದೆ ನಿಂತ್ರೆ ಬರೀ ಕೈ ಕಾಣುತ್ತೆ ಮೇಡಂ. ಪಕ್ಕದಲ್ಲಿ ಕೂತು ನೋಡಿ. ಒಂದು ವಾರ ಹೊಲೀಲಿ. ಆಮೇಲೆ ಬೇಕಾದ್ರೆ ಅಳೀಲಿ."

"ಮಕ್ಕಳಾ?"

"ಮೇಷ್ಟ್ರೂ ಸೇರಿ."

ಸ್ಟಾಪ್‌ವಾಚು ಅವನ ಮೇಜಿನ ಡ್ರಾಯರಿಗೆ ಹೋಯಿತು. ಬೀಗವೂ ಬಿತ್ತು.

* * *

ಆ ವಾರದ ಫಜೀತಿ ಕೇಳಬೇಡಿ!

ಎರಡು ಚಿನ್ನದ ಪದಕ ಗೆದ್ದ ಲೆಕ್ಚರರ್ ಹೊಲಿದ ಪಟ್ಟಿ ಹಾವು ಹರಿದ ಹಾಗೆ ಹರಿಯಿತು.

"ಈ ಮೆಷಿನ್ನೇ ಸರಿ ಇಲ್ಲ," ಎಂದು ಗೊಣಗಿದಳು.

"ಹೌದೌದು. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದಳು ಅತ್ತೆ, ದಾರ ಕಚ್ಚಿ ತುಂಡು ಮಾಡುತ್ತ.

ಇಡೀ ಶೆಡ್ಡು ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಅವಳದೇ ವಿದ್ಯಾರ್ಥಿನಿ, ಮಾತಿನ ಮಲ್ಲಿ, ತರಗತಿಯವರು 'ಪಟಾಕಿ' ಎಂದು ಕರೆಯುವ ಹುಡುಗಿ.

ಅವನು ಮಾತ್ರ ನಗಲಿಲ್ಲ. ಪಕ್ಕಕ್ಕೆ ಬಂದು ಕುಳಿತ. "ಬಟ್ಟೆ ಎಳೀಬೇಡಿ, ಹೊಸ ಕೈ. ಅದರ ಪಾಡಿಗೆ ಅದು ಹೋಗುತ್ತೆ. ನೀವು ದಾರಿ ತೋರಿಸಿದ್ರೆ ಸಾಕು."

ಹೊಸ ಕೈ! ಶೆಡ್ಡಿಗೆ ಹೊಸದಾಗಿ ಬಂದವರನ್ನು ಅಲ್ಲಿ ಹಾಗೇ ಕರೆಯುತ್ತಿದ್ದರು. ಆದರೆ ಅವನ ಬಾಯಲ್ಲಿ ಅದು ಯಾಕೋ ಬೇರೆ ಥರ ಕೇಳಿಸಿತು.

ವಾರ ಮುಗಿದರೂ ಅವಳು ಬರುವುದನ್ನು ಬಿಡಲಿಲ್ಲ. ಸಂಜೆ ನಾಲ್ಕರ ಟೀಗೆ ಪಾಠದ ಹಾಳೆಗಳನ್ನು ಹೊತ್ತು ತರುತ್ತಿದ್ದಳು. ಒಂದು ದಿನ ಅವನು ಅವಳ ಹಳೆಯ ಪ್ರಶ್ನೆಪತ್ರಿಕೆ ಓದಿದ. "'ಎಲ್ಲ ಕೆಲಸಗಾರರೂ ಒಂದೇ ವೇಗದಲ್ಲಿ ಕೆಲಸ ಮಾಡುತ್ತಾರೆಂದು ಭಾವಿಸಿ'... ಯಾಕೆ ಭಾವಿಸ್ಬೇಕು? ಬಂದು ನೋಡ್ಬಹುದಲ್ಲ?"

ಅವಳು ಪ್ರಶ್ನೆಪತ್ರಿಕೆಯನ್ನು ಅಲ್ಲೇ ಹರಿದು ಹಾಕಿದಳು, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮನೆಯಲ್ಲಿ ಅಕ್ಕ ಮೂಗುಮುರಿದಳು. "ಏನೇ ಇದು, ಮೈತುಂಬ ನೂಲು? ಪಾಠ ಮಾಡೋಕೆ ಹೋಗ್ತೀಯೋ, ಹತ್ತಿ ಬಿಡಿಸೋಕೆ ಹೋಗ್ತೀಯೋ?"

"ಫೀಲ್ಡ್ ವರ್ಕ್ ಅಕ್ಕಾ!"

"ಫೀಲ್ಡ್ ವರ್ಕಿಗೆ ಕಣ್ಣಿಗೆ ಕಾಡಿಗೆ ಬೇರೆ ಕೇಡು!"

ಅವಳು ಮುಖ ಮುಚ್ಚಿಕೊಂಡು ಒಳಗೆ ಓಡಿದಳು. 'ಛೇ... ನನಗೇನಾಗಿದೆ?' ಏನಾಗಿದೆ ಎಂದು ನಿಮಗೂ ಗೊತ್ತು, ಅಕ್ಕನಿಗೂ ಗೊತ್ತು.

* * *

ಸೆಮಿಸ್ಟರ್ ಮುಗಿಯಲು ಎರಡು ವಾರ ಇತ್ತು. ಪಟಾಕಿ ಓಡಿಬಂದಳು. "ಮೇಡಂ, ಸಿಕ್ತು! ಬ್ಯಾಗ್ ಎಲ್ಲಿ ನಿಲ್ಲುತ್ತೆ ಅಂತ ಸಿಕ್ಕಿಬಿಡ್ತು! ನಮ್ಮ ವರದಿಯ ಏಳನೇ ಪುಟ ನೋಡಿ!"

ಅವಳು ನೋಡಿದಳು.

ಒಂದು ಬ್ಯಾಗ್ ಹೊಲಿಯಲು ಎಲ್ಲ ಸೇರಿ ನಲವತ್ತು ನಿಮಿಷ. ಆದರೆ ಹೊಲಿದಾದ ಮೇಲೆ ಅದು ಮೂರು ಗಂಟೆ ಸುಮ್ಮನೆ ಕಾಯುತ್ತಿತ್ತು. ಎಲ್ಲಿ? ಅವನ ಮೇಜಿನ ಮೇಲೆ! ಅವನ ಹಸಿರು ಸಹಿಗಾಗಿ! ಅವನು ಅಲ್ಲಿ ಸೂಜಿ ಬದಲಿಸುತ್ತ, ಇಲ್ಲಿ ದಾರ ಬಿಡಿಸುತ್ತ ಶೆಡ್ಡು ತುಂಬ ಓಡಾಡುತ್ತಿದ್ದರೆ, ಇತ್ತ ಬ್ಯಾಗುಗಳು ಗುಡ್ಡೆ ಬೀಳುತ್ತಿದ್ದವು. 'ಹೊಲಿದವರೇ ಪಟ್ಟಿ ಎಳೆದು ನೋಡಿ ಗುರುತು ಹಾಕಲಿ. ಸಹಿ ಬೇಕಿಲ್ಲ,' ಎಂದು ಮಕ್ಕಳು ಬರೆದಿದ್ದರು.

ಆ ಸಹಿಯ ಕಥೆಯನ್ನು ಅತ್ತೆ ಅವಳಿಗೆ ಹೇಳಿದ್ದಳು. ಆರು ವರ್ಷದ ಹಿಂದೆ ಪಟ್ಟಿ ಕಿತ್ತು ಒಂದು ಮಗು ಶಾಲೆಯ ಮೆಟ್ಟಿಲ ಮೇಲೆ ಬಿದ್ದಿತ್ತು. ಮಂಡಿ ತರಚಿತ್ತು, ಅಷ್ಟೆ. ಆದರೂ ಅಂದಿನಿಂದ ಅವನು ಕೈಯಾರೆ ನೋಡದೆ ಒಂದು ಬ್ಯಾಗನ್ನೂ ಹೊರಗೆ ಬಿಟ್ಟಿರಲಿಲ್ಲ. ಆ ಸಹಿಯೇ ಅವನ ಮರ್ಯಾದೆ. ಈಗ ಅದೇ ತೊಡಕು ಎಂದು ಹತ್ತು ಜನರ ಮುಂದೆ ಓದುವುದೇ?

ಬಿಸಿ ತುಪ್ಪ... ನುಂಗುವಂತಿಲ್ಲ, ಉಗುಳುವಂತಿಲ್ಲ.

"ಈ ಪುಟ ಬೇಡ ಬಿಡು," ಎಂದಳು.

ಪಟಾಕಿಯ ಮುಖ ಬಾಡಿತು. "ಕಂಡಿದ್ದನ್ನ ಹೇಳಿ ಅಂತ ನೀವೇ ಹೇಳ್ಕೊಟ್ಟಿದ್ದು ಮೇಡಂ..."

ಏಳನೇ ಪುಟ ಅವಳ ಕೈಚೀಲ ಸೇರಿತು. ಉಳಿದ ವರದಿಯ ಪ್ರತಿ ಮಂಡಳಿಗೊಂದು, ಶೆಡ್ಡಿಗೊಂದು ಹೋಯಿತು.

ಆದರೆ ನೋಡಿ, ಇಪ್ಪತ್ತು ಬ್ಯಾಗಿನಲ್ಲಿ ಒಂದು ಹೊಲಿಗೆ ತಪ್ಪಿದರೂ ಹಿಡಿಯುವ ಕಣ್ಣು ಅವನದು. ಮರುದಿನವೇ ಫೋನ್ ಬಂತು.

"ಆರಾದ ಮೇಲೆ ಎಂಟು ಬಂದಿದೆ. ಏಳೆಲ್ಲಿ?"

"ಅದು... ಪ್ರಿಂಟಿಂಗ್ ಮಿಸ್ಟೇಕ್."

ಆ ಕಡೆ ಹಾಳೆ ಮಗುಚಿದ ಸದ್ದಾಯಿತು.

"ಸರಿ, ಮೇಡಂ."

ಮೇಡಂ! ಹೊಸ ಕೈ ಅನ್ನಲಿಲ್ಲ.

ಅಂದಿನಿಂದ ಅವಳ ಕರೆಗೆ ಅವನು ಉತ್ತರಿಸಲಿಲ್ಲ. ನಾಲ್ಕು ಗಂಟೆಗೆ ಶೆಡ್ಡಿಗೆ ಹೋದರೆ, "ಕೆಲಸ ಇದೆ," ಎಂದು ತಲೆ ಎತ್ತದೆ ಕಳಿಸಿದ. ಅತ್ತೆಗೂ ತಲೆಬುಡ ತಿಳಿಯಲಿಲ್ಲ. "ಯಾರ ಹತ್ರಾನೂ ಮಾತಿಲ್ಲ ಕಣಮ್ಮಾ. ನಿನ್ನ ಗಡಿಯಾರ ಹಿಡ್ಕೊಂಡು ಕೂತಿರ್ತಾನೆ," ಎಂದಳು.

ಕಳ್ಳನ ಮನಸ್ಸು ಹುಳ್ಳುಳ್ಳಗೆ. 'ಪಟಾಕಿ ಬಾಯಿ ಬಿಟ್ಟಿರಬೇಕು. ತನ್ನ ತಪ್ಪು ಹಿಡಿದರು ಅಂತ ಉರಿದುಬಿದ್ದಿದಾನೆ. ಇಷ್ಟೇನಾ ಇವನು?' ಎಂದು ಬೈದುಕೊಂಡಳು. ಬೈದುಕೊಂಡು ಅತ್ತಳು. ಯಾರಿಗಾಗಿ ಸುಳ್ಳು ಹೇಳಿದಳೋ ಅವನೇ ದೂರವಾಗಿದ್ದ, ಮಕ್ಕಳ ಮುಂದೆ ತಲೆ ಎತ್ತುವ ಹಾಗೂ ಇರಲಿಲ್ಲ.

* * *

ಮಂಡಳಿಯ ದಿನ. ಉದ್ದನೆಯ ಮೇಜು, ಏಳು ಜನ ಹಿರಿಯ ಪ್ರಾಧ್ಯಾಪಕರು, ಗೋಡೆಯ ಬದಿಗೆ ವಿದ್ಯಾರ್ಥಿಗಳು. ಕೊನೆಯ ಕುರ್ಚಿಗಳಲ್ಲಿ ಕಾರ್ಖಾನೆಯ ಪರವಾಗಿ ಅವನು, ಪಕ್ಕದಲ್ಲಿ ಅತ್ತೆ. ಅವನು ಅವಳ ಕಡೆ ನೋಡಲಿಲ್ಲ.

ಒಬ್ಬ ಪ್ರಾಧ್ಯಾಪಕರು ವರದಿಯನ್ನು ಮಡಚಿಟ್ಟರು. "ಮಕ್ಕಳು ಒಂದು ವಾರ ಬ್ಯಾಗ್ ಹೊಲಿದರು, ಸಂತೋಷ. ಆದರೆ ಕ್ಲಾಸಲ್ಲಿ ಕೂತು ಕಲಿಯೋಕಾಗದ್ದು ಏನು ಕಲಿತರು? ಇದರಲ್ಲಿ ಅಂಥದ್ದೇನೂ ಕಾಣ್ತಾ ಇಲ್ಲ."

ಕಾಣುವುದು ಹೇಗೆ? ಕಾಣಬೇಕಾದ್ದು ಅವಳ ಕೈಚೀಲದಲ್ಲಿತ್ತು!

ಅವಳು ಎದ್ದು ನಿಂತಳು. ಕೈಚೀಲ ತೆರೆದು ಹಾಳೆ ತೆಗೆದು ಪಟಾಕಿಗೆ ಕೊಟ್ಟಳು. "ಓದಮ್ಮ. ಕಂಡಿದ್ದನ್ನ ಹೇಳು." ಮಂಡಳಿಯ ಕಡೆ ತಿರುಗಿದಳು. "ಇದನ್ನ ಮುಚ್ಚಿಟ್ಟಿದ್ದು ನಾನು. ತಪ್ಪು ನನ್ನದು, ಮಕ್ಕಳದ್ದಲ್ಲ."

"ಯಾಕಮ್ಮಾ ಮುಚ್ಚಿಟ್ಟೆ?" ಎಂದರು ಮುಖ್ಯಸ್ಥರು.

"ಅಲ್ಲಿ ಒಬ್ಬರಿಗೆ... ನೋವಾಗಬಾರದು ಅಂತ ಸರ್."

ಪಟಾಕಿ ಓದಿದಳು. ಮೂರು ಗಂಟೆ, ಮೇಜು, ಹಸಿರು ಸಹಿ, ಎಲ್ಲ. ಅದೇ ಪ್ರಾಧ್ಯಾಪಕರು ಕೊನೆಯ ಕುರ್ಚಿಯತ್ತ ತಿರುಗಿದರು. "ಇದು ನಿಮ್ಮ ಬಗ್ಗೆನೇ ಇದೆ. ಒಪ್ತೀರಾ?"

ಅವನು ನಿಧಾನವಾಗಿ ಎದ್ದ.

"ಇಲ್ಲ ಸಾರ್. ಒಪ್ಪಲ್ಲ."

ಅವನು ಜೇಬಿನಿಂದ ಅವಳ ಸ್ಟಾಪ್‌ವಾಚ್ ತೆಗೆದ. "ಮೂರು ಗಂಟೆ ಅಂತ ಬರ್ದಿದಾರೆ. ತಪ್ಪು. ನಾನೇ ಐದು ದಿನ ಅಳೆದೆ. ಮೂರು ಗಂಟೆ ಇಪ್ಪತ್ತು ನಿಮಿಷ!"

ಮುಖ್ಯಸ್ಥರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಒಂದು ಪುಟ ಇಲ್ಲ ಅಂದಾಗ ಹುಡುಕಿದೆ ಸಾರ್. ಇಡೀ ಶೆಡ್ಡು ವರದೀಲಿತ್ತು, ನನ್ನ ಮೇಜೊಂದೇ ಇರ್ಲಿಲ್ಲ. ದೀಪದ ಬುಡದಲ್ಲೇ ಕತ್ತಲು. ಈ ಸೋಮವಾರದಿಂದ ಹೊಲಿದವರೇ ನೋಡಿ ಗುರುತು ಹಾಕ್ತಿದಾರೆ. ಇವತ್ತಿನವರೆಗೆ ಒಂದು ಪಟ್ಟಿನೂ ಕಿತ್ತಿಲ್ಲ. ಆರು ವರ್ಷದಿಂದ ನನಗೆ ಕಾಣದ್ದು ಈ ಮಕ್ಕಳಿಗೆ ಕಂಡಿದೆ. ಕ್ಲಾಸಲ್ಲಿ ಕೂತಿದ್ರೆ ಕಾಣ್ತಿತ್ತಾ?"

"ನೀವೂ ಒಂದು ವಾರ ಬಂದು ಹೊಲೀರಿ ಸಾರ್," ಎಂದಳು ಅತ್ತೆ, ಪ್ರಾಧ್ಯಾಪಕರಿಗೆ. "ನಾನು ಹೇಳ್ಕೊಡ್ತೀನಿ."

ಪಾಠ ಉಳಿಯಿತು! ಒಂದೇ ಒಂದು ಷರತ್ತು: ಮುಂದಿನ ವರ್ಷದಿಂದ ಮಕ್ಕಳಿಗೆ ಅಂಕ ಕೊಡುವವರಲ್ಲಿ ಅತ್ತೆಯೂ ಒಬ್ಬಳಾಗಬೇಕು. ಅತ್ತೆ ಸೆರಗು ಸರಿಮಾಡಿಕೊಂಡು, "ಯೋಚನೆ ಮಾಡಿ ಹೇಳ್ತೀನಿ," ಎಂದಳು.

* * *

ವರಾಂಡದ ಕೊನೆಯ ಬೆಂಚಿನ ಮೇಲೆ ಅವಳು ಒಬ್ಬಳೇ ಕುಳಿತಿದ್ದಳು. ಬೆನ್ನ ಹಿಂದೆ ಹೆಜ್ಜೆಯ ಸದ್ದು ಬಂದು ನಿಂತಿತು. ತಿರುಗಲಿಲ್ಲ.

"ಸಿಟ್ಟು ಬಂದಿದ್ದು ಪುಟಕ್ಕಲ್ಲ," ಎಂದ ಅವನು. "ನಿಜ ಕೇಳೋಕಾಗದಷ್ಟು ಸಣ್ಣವನು ಅಂದ್ಕೊಂಡ್ರಲ್ಲ... ಅದಕ್ಕೆ."

"ಸಣ್ಣವರು ಅಂತ ಅಲ್ಲ."

"ಮತ್ತೆ?"

ನಾಲ್ಕು ತಿಂಗಳಿಂದ ಒಳಗೇ ಇದ್ದ ಮಾತು. "ಬೇಕಾದವರು ಅಂತ."

ಅವನು ಉಸಿರು ಬಿಟ್ಟದ್ದು ಕೇಳಿಸಿತು.

"ಸಹಿ ಬಿಟ್ಟ ಮೇಲೆ ದಿನಕ್ಕೆ ಎರಡು ಗಂಟೆ ಉಳೀತಿದೆ. ನೀವು ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಓದಿದವರು. ಹೇಳಿ, ಏನ್ ಮಾಡ್ಲಿ ಅದನ್ನ?"

"ಒಂದು ಗಂಟೆ ಬಂದು ನಮ್ಮ ಮಕ್ಕಳಿಗೆ ಪಾಠ ಮಾಡಿ."

"ಆಯ್ತು. ಇನ್ನೊಂದು?"

ಅವಳು ಬೆಂಚಿನ ಮೇಲೆ ಪಕ್ಕಕ್ಕೆ ಸರಿದಳು. "ಬೆನ್ನ ಹಿಂದೆ ನಿಂತು ಏನ್ ನೋಡ್ತೀರಿ? ಪಕ್ಕದಲ್ಲಿ ಕೂತು ನೋಡಿ."

ಅವನು ನಕ್ಕ. ಬಂದು ಕುಳಿತ. ಸ್ಟಾಪ್‌ವಾಚನ್ನು ಅವಳ ಅಂಗೈಯಲ್ಲಿಟ್ಟ, ಕೈ ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಎಷ್ಟು ಹೊತ್ತು ಕೂತ್ಕೊಳ್ಲಿ, ಹೊಸ ಕೈ?"

ಅವಳು ಗಡಿಯಾರವನ್ನು ಕೈಚೀಲದೊಳಗೆ ಹಾಕಿ ಜಿಪ್ ಎಳೆದಳು.

"ಇದನ್ನ ಅಳತೆ ಮಾಡೋದು ಬೇಡ," ಎಂದಳು.