ಗುರುಸಿದ್ದವ್ವನ ಮೊಣಕಾಲಿನ ಚಿತ್ರ

ಡಾಕ್ಟರ್ ಶಬಾನಾ ಬಾಗವಾನ ಆ ತೆಳುವಾದ ಪಟ್ಟಿಯನ್ನು ಗುರುಸಿದ್ದವ್ವನ ಮೊಣಕಾಲಿಗೆ ಸುತ್ತಿದ ಕೂಡಲೇ ಮೇಜಿನ ಮೇಲೆ ಗಾಳಿಯಲ್ಲಿ ಎಲುಬುಗಳ ಆಕೃತಿ ಬೆಳಗಿತು. ಮನುಷ್ಯರ ಕಿವಿಗೆ ನಿಲುಕದ ಧ್ವನಿಯ ಅಲೆಗಳನ್ನು ಒಳಗೆ ಕಳಿಸಿ, ಮರಳಿ ಬಂದದ್ದನ್ನು ಜೋಡಿಸಿ ಚಿತ್ರ ಬಿಡಿಸುವ ಈ ಕೀಲುಪಟ್ಟಿ ಬಂದ ಮೇಲೆ ಗುಳೇದಗುಡ್ಡದ ಜನ ಎಲುಬಿನ ಪರೀಕ್ಷೆಗೆಂದು ಬಾಗಲಕೋಟೆಗೆ ಅಲೆಯುವುದು ತಪ್ಪಿತ್ತು.

ನಿಜ ಹೇಳಬೇಕೆಂದರೆ ಗುರುಸಿದ್ದವ್ವನಿಗೆ ಕಾಲುನೋವೇ ಇರಲಿಲ್ಲ. ಭುಜನೋವಿನ ಸೊಸೆಯ ಜೊತೆಗೆ ಬಂದವಳು, ತನ್ನದನ್ನೂ ನೋಡಿರೆಂದು ತಮಾಷೆಗೆ ಕಾಲು ಚಾಚಿದ್ದಳು. ಎಪ್ಪತ್ತರ ಹತ್ತಿರ ಬಂದಿದ್ದರೂ ದಿನವೂ ಮಗ್ಗದ ಕೆಳಗಿನ ಕುಣಿಗಿಳಿದು ಕುಪ್ಪಸದ ಖಣ ನೇಯುತ್ತಿದ್ದ ಗಟ್ಟಿ ಹೆಂಗಸು. ಚಿತ್ರದಲ್ಲಿ ಮಾತ್ರ ಸವೆತ ತೋರಿಸುವ ಕೆಂಪು ತುಂಬಿತ್ತು. ಎಲುಬಿನ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿ ಬಹುಪಾಲು ಸವೆದುಹೋಗಿತ್ತು.

“ಹಂಗಾರ ಎಲುಬಿಗೆ ಎಲುಬು ತಿಕ್ಕಾಕತ್ತಾವೇನ್ರಿ?” ಎಂದು ಅವಳು ಮೆಲ್ಲಗೆ ಕೇಳಿದಳು.

ಹೆಚ್ಚುಕಡಿಮೆ ಹಾಗೆಯೇ, ಆದರೆ ನೋವಿಲ್ಲದಿದ್ದರೆ ಚಿಂತೆ ಬೇಡ ಎಂದು ಶಬಾನಾ ಹೇಳಿದರು. ಮುದುಕಿಗೆ ಕೇಳಿಸಿದ್ದು ಆ ಮಾತಿನ ಮೊದಲರ್ಧ ಮಾತ್ರ.

ಗುರುಸಿದ್ದವ್ವ ಮೊದಲು ಕುಣಿಗಿಳಿಯುವುದನ್ನು ಬಿಟ್ಟಳು. ಆಮೇಲೆ ಕೋಲು ಹಿಡಿದಳು. ಮಳೆಗಾಲ ಮುಗಿಯುವಷ್ಟರಲ್ಲಿ ಹಾಸಿಗೆಯನ್ನೇ ಹಿಡಿದಳು. ಕೆಲಸವಿಲ್ಲದೆ ತೊಡೆಯ ಸ್ನಾಯುಗಳು ಬತ್ತಿ, ನೋವು ನಿಜವಾಗಿಯೇ ಬಂತು.

ಶಬಾನಾರಿಗೆ ದಿಕ್ಕು ತೋಚಲಿಲ್ಲ. ಪಟ್ಟಿ ತಪ್ಪು ತೋರಿಸಿರಲಿಲ್ಲ. ತಾವೂ ತಪ್ಪು ಹೇಳಿರಲಿಲ್ಲ. ಆದರೂ ನಡೆಯುತ್ತಿದ್ದವಳು ಮಲಗಿದ್ದಳು. ಇತ್ತ ಮನೆ ಕಟ್ಟುವ ಗೌಂಡಿ ಹುಸೇನಸಾಬನ ಮೊಣಕಾಲಿನ ಚಿತ್ರ ಕನ್ನಡಿಯಷ್ಟು ಸ್ವಚ್ಛವಾಗಿತ್ತು. ಅವನು ನೋವಿಗೆ ಕಣ್ಣೀರು ಹಾಕುತ್ತಿದ್ದರೆ, ಮಕ್ಕಳು ಚಿತ್ರ ತೋರಿಸಿ ಸೋಗು ಬಿಡು ಎನ್ನುತ್ತಿದ್ದರು. ಕೊನೆಗೆ ಶಬಾನಾ ಪಟ್ಟಿಯನ್ನು ಕಂಡುಹಿಡಿದ ವಿಜ್ಞಾನಿ ಮೃಣಾಲಿನಿ ಹೊಳ್ಳರಿಗೇ ಫೋನ್ ಮಾಡಿದರು. ಅವರು ಧಾರವಾಡದಿಂದ ಚಾಲಕನಿಲ್ಲದ ಬಸ್ಸಿನಲ್ಲಿ ಬಂದಿಳಿದು, ಶಬಾನಾರ ಜೊತೆ ನೇಕಾರರ ಓಣಿಯ ಏರನ್ನು ಸರಸರ ಹತ್ತಿ ಗುರುಸಿದ್ದವ್ವನ ಮನೆ ತಲುಪಿದರು.

“ಪಟ್ಟಿ ಸುಳ್ಳು ಹೇಳೋದಿಲ್ಲ ಡಾಕ್ಟರೇ,” ಎಂದರು ಹೊಳ್ಳ.

“ಸುಳ್ಳು ಹೇಳೇತಿ ಅಂತ ನಾ ಎಲ್ಲಿ ಅಂದೆ ಮೇಡಂ? ಖರೇನ ಹೇಳೇತಿ. ಅದಕ್ಕ ಹಾಸಿಗಿ ಹಿಡದಾಳ.”

ಹೊಳ್ಳ ಹಾಸಿಗೆಯ ಪಕ್ಕ ಕೂತರು. ವಯಸ್ಸಾದವರಲ್ಲಿ ಇಂಥ ಸವೆತ ಎಷ್ಟೋ ಜನರಿಗಿರುತ್ತದೆ, ಹಲವರಿಗೆ ನೋವಿನ ಸುಳಿವೂ ಇರುವುದಿಲ್ಲ, ನೋವಿನಲ್ಲಿ ಸ್ನಾಯುವಿನ ಬಲ, ನಿದ್ದೆ, ಹೆದರಿಕೆ ಎಲ್ಲದರ ಪಾಲೂ ಇರುತ್ತದೆ ಎಂದು ಮುದುಕಿಗೆ ಬಿಡಿಸಿ ಹೇಳಿದರು. ಅವಳು ಗೋಡೆ ನೋಡುತ್ತ ಮಲಗಿಯೇ ಇದ್ದಳು. ಆಗ ಹೊಳ್ಳ ಸೀರೆಯ ಅಂಚನ್ನು ಮೇಲಕ್ಕೆತ್ತಿ, ಶಬಾನಾ ತಂದಿದ್ದ ಪಟ್ಟಿಯನ್ನು ತಮ್ಮ ಮೊಣಕಾಲಿಗೇ ಸುತ್ತಿಕೊಂಡರು. ಸಾವಿರಾರು ಜನರ ಕೀಲು ನೋಡಿದ್ದ ಅವರು ತಮ್ಮದನ್ನು ಎಂದೂ ನೋಡಿಕೊಂಡಿರಲಿಲ್ಲ.

ಮೂಡಿದ ಚಿತ್ರ ಗುರುಸಿದ್ದವ್ವನದಕ್ಕಿಂತ ಕೆಂಪಾಗಿತ್ತು.

ಮುದುಕಿ ಮೊಣಕೈಯೂರಿ ಎದ್ದು ಕೂತು, ಚಿತ್ರವನ್ನೊಮ್ಮೆ ಅವರ ಮುಖವನ್ನೊಮ್ಮೆ ನೋಡಿದಳು. “ಬಾಯಾರ, ಇದೇ ಕಾಲಿಲೆ ಏರು ಹತ್ತಿ ಬಂದ್ರಿ?”

“ಹೌದಮ್ಮ.”

“ನೋವಾಗಲಿಲ್ಲ?”

“ಇಲ್ಲ,” ಎಂದರು ಹೊಳ್ಳ. ಅವರ ಕಣ್ಣು ಮಾತ್ರ ಚಿತ್ರವನ್ನು ಬಿಟ್ಟು ಅಲುಗಲಿಲ್ಲ.

ಗುರುಸಿದ್ದವ್ವ ಸೊಸೆಯ ಕೈ ಹಿಡಿದು ಕಾಲು ನೆಲಕ್ಕೂರಿದಳು. ನೋವಿಗೆ ಹಲ್ಲು ಕಚ್ಚಿದಳು. ಆದರೂ ಮಗ್ಗದವರೆಗೆ ನಡೆದಳು. ತೊಡೆಗೆ ಬಲ ಬರುವ ವ್ಯಾಯಾಮವನ್ನು ಶಬಾನಾ ಅಂದೇ ಕಲಿಸಿದರು. ಯುಗಾದಿಯ ಹೊತ್ತಿಗೆ ಅವಳು ಮತ್ತೆ ಕುಣಿಗಿಳಿದು ನೇಯುತ್ತಿದ್ದಳು.

ಆದರೆ ಪಟ್ಟಿ ಸುತ್ತಿಕೊಂಡ ಆ ದಿನವೇ ಸಂಜೆ ಓಣಿ ಇಳಿಯುವಾಗ ಹೊಳ್ಳ ಬಲಗಾಲನ್ನು ತಡೆದು ತಡೆದು ಇಡುತ್ತಿದ್ದುದು ಶಬಾನಾರ ಕಣ್ಣಿಗೆ ಬಿತ್ತು. ಏನಾಯಿತೆಂದು ಕೇಳಿದಾಗ ಹೊಳ್ಳ ನಗಲು ನೋಡಿದರು.

“ಸ್ವಲ್ಪ ಹಿಡಿದ ಹಾಗಿದೆ. ಈಗ ಬಂತೋ, ಮೊದಲೇ ಇತ್ತೋ, ಗೊತ್ತಾಗ್ತಿಲ್ಲ ಡಾಕ್ಟರೇ.”

ಒಬ್ಬಳನ್ನು ಎಬ್ಬಿಸಿದ ಚಿತ್ರವೇ ಇನ್ನೊಬ್ಬರನ್ನು ಕುಂಟಿಸುತ್ತಿತ್ತು. ಅದು ಮದ್ದೋ ರೋಗವೋ ಶಬಾನಾರಿಗೆ ಬಗೆಹರಿಯಲಿಲ್ಲ.

ಮರುದಿನ ಮೊಣಕಾಲು ತೋರಿಸಲು ದವಾಖಾನೆಗೆ ಮೊದಲು ಬಂದವರು ಶಾಲೆಯಲ್ಲಿ ಕಲಿಸುವ ಒಬ್ಬ ಅಕ್ಕೋರು. ಶಬಾನಾ ಪಟ್ಟಿಯನ್ನು ಪಕ್ಕಕ್ಕಿಟ್ಟು, ಎಷ್ಟು ದೂರ ನಡೆಯುತ್ತೀರಿ, ಯಾವ ಕೆಲಸಕ್ಕೆ ತೊಂದರೆಯಾಗಿದೆ ಎಂದು ಕೇಳತೊಡಗಿದರು. ಅಕ್ಕೋರಿಗೆ ಅದು ಸರಿಬರಲಿಲ್ಲ.

“ಅದೆಲ್ಲಾ ಆಮ್ಯಾಲ ಕೇಳ್ರಿ. ಮೊದಲ ಚಿತ್ರ ತಗೀರಿ. ನನಗ ನೋವು ಐತೋ ಇಲ್ಲೋ ಅನ್ನೂದು ಅದರಾಗ ಗೊತ್ತಾಗತೈತಲ್ಲ?”