ನಲವತ್ತೊಂದನೆಯ ಕಂಬ

೨೦೦೭ರ ನವೆಂಬರ್ ಇಪ್ಪತ್ತೇಳು, ಮಂಗಳವಾರ. ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಕೆರಿಯಪ್ಪನು ಯಲ್ಲಾಪುರ ಠಾಣೆಯ ಮೆಟ್ಟಿಲಿನವರೆಗೆ ಬಂದು ಅಲ್ಲಿಯೇ ಕುಳಿತುಬಿಟ್ಟನು. ಅಂಗಿಯ ತೋಳು ಸುಟ್ಟಿತ್ತು. ಹವಾಲ್ದಾರ ಶಂಕ್ರಪ್ಪನು ಕೈಹಿಡಿದು ಒಳಗೆ ಕರೆತಂದು, ನೀರು ಕೊಟ್ಟು, ದೂರು ಬರೆದುಕೊಂಡನು.

ಕೆರಿಯಪ್ಪನ ಹೆಂಡತಿ ದುರ್ಗಿ ಆ ದಿನ ಏಳು ಗಂಟೆಗೆ ಸ್ನಾನ ಮಾಡಿ, ಕಿರವತ್ತಿಯ ಆಚೆಗಿರುವ ಚೌಡವ್ವನ ಬನಕ್ಕೆ ದೀಪ ಹಚ್ಚಲು ಹೋಗಿದ್ದಳು. ಕಲ್ಲಿನ ಸಣ್ಣ ಗುಡಿ. ಬಾಗಿಲು ತೆಗೆದು ಕಡ್ಡಿ ಗೀರಿದ ಕೂಡಲೇ ಒಳಗಿನಿಂದ ಬೆಂಕಿ ನುಗ್ಗಿತು. ಹಿಂದೆ ಬರುತ್ತಿದ್ದ ಕೆರಿಯಪ್ಪ ಎಳೆದು ಹೊರಗೆ ತರುವಷ್ಟರಲ್ಲಿ ಅವಳ ಜೀವ ಹೋಗಿತ್ತು. ಆ ಬನದ ಮೂಲೆಯಲ್ಲಿ ನೆಲದ ಕೆಳಗೆ ಗ್ಯಾಸ್ ಕಂಪನಿಯ ದೊಡ್ಡ ಪೈಪು ಹಾದುಹೋಗಿತ್ತು.

"ಯಾರ ಮ್ಯಾಲೆ ಸಂಶಯ?" ಎಂದು ಶಂಕ್ರಪ್ಪ ಕೇಳಿದನು.

"ಪೈಪು ಸೋರೂದು ಯಾರಿಗರ ಗೊತ್ತಿತ್ತೇನು, ಅಷ್ಟು ಹೇಳ್ರಿ ಸಾಹೇಬ್ರ. ನನಗ ಮತ್ತೇನೂ ಬ್ಯಾಡ."

ಹತ್ತೂ ಹತ್ತಕ್ಕೆ ಎಫ್.ಐ.ಆರ್. ದಾಖಲಾಯಿತು. ನಿರ್ಲಕ್ಷ್ಯದಿಂದ ಸಾವು, ಕಲಂ ೩೦೪-ಎ. ಆರೋಪಿಯ ಹೆಸರಿನ ಜಾಗದಲ್ಲಿ ಶಂಕ್ರಪ್ಪನು 'ತಿಳಿದುಬಂದಿಲ್ಲ' ಎಂದು ಬರೆದನು.

ಪಿ.ಎಸ್.ಐ. ದಿನಕರ ನಾಯ್ಕರು ಅಂಕೋಲೆಯ ಕಡೆಯವರು, ಇನ್ನೂ ಮೂವತ್ತು ದಾಟದವರು. ಹನ್ನೊಂದೂ ಮುಕ್ಕಾಲಿಗೆ ಬನದಲ್ಲಿ ಪಂಚನಾಮೆ ಶುರುವಾಯಿತು. ಕಂಪನಿಯವರು ಎಂಟೂವರೆಗೇ ಅನಿಲ ಬಂದ್ ಮಾಡಿದ್ದರು. ಪಂಚನಾಗಿ ಬಂದ ಧಾಬಾದ ಬಸಪ್ಪ ಗೊಣಗಿದನು: "ಈ ರಸ್ತೆದಾಗ ಲಾರಿ ಬಿದ್ರೂ ಬಸಪ್ಪನ ಸಹಿ, ಮನಷ್ಯಾ ಬಿದ್ರೂ ಬಸಪ್ಪನ ಸಹಿ. ಕೋರ್ಟಿನ ಬೆಂಚಿಗೆ ನನ್ನ ಹೆಸರ ಕೆತ್ತಸ್ರಿ." ಆದರೆ ಗುಡಿಯ ಮುಂದೆ ಬಿದ್ದಿದ್ದ ಒಂದು ಬಳೆಯನ್ನು ಕಂಡ ಮೇಲೆ ಅವನು ತಾನಾಗಿಯೇ ಸಹಿಗೆ ಪೆನ್ನು ಕೇಳಿದನು.

ಬನದ ಗಡಿಗೆ ನಾಲ್ಕು ಕಲ್ಲು ನೆಟ್ಟಿದ್ದರು. ಕಲ್ಲಿನ ಒಳಗೆ, ಗುಡಿಗೆ ಆರು ಮಾರು ದೂರದಲ್ಲಿ, ಹಳದಿ ಬಣ್ಣ ಬಳಿದ ಗುರುತಿನ ಕಂಬ. ಅದರ ಮೇಲೆ ನಲವತ್ತೊಂದು ಎಂಬ ಅಂಕಿ. ಸುತ್ತಲಿನ ಹುಲ್ಲೆಲ್ಲ ಒಣಗಿ ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಬೆಂಕಿ ತಾಗದ ಕಡೆಯಲ್ಲೂ ಹಾಗೆಯೇ. ದಿನಕರ ನಾಯ್ಕರು ಕುಕ್ಕರುಗಾಲಿನಲ್ಲಿ ಕುಳಿತು ಒಂದು ಹಿಡಿ ಕಿತ್ತು ನೋಡಿದರು.

"ಇದು ಇವತ್ತು ಬಾಡಿದ್ದಲ್ಲ ಶಂಕ್ರಪ್ಪ. ಹುಲ್ಲಿನ ಬೇರೇ ಸತ್ತು ಹೋಗ್ಯದೆ. ವಾರದ ಮೇಲಾಯ್ತು."

ಮಧ್ಯಾಹ್ನ ಎರಡು ಗಂಟೆಗೆ ಕಂಪನಿಯ ಸೂಪರ್‌ವೈಸರ್ ಸುಭಾಷ ಜೀಪಿನಲ್ಲಿ ಬಂದನು. ನಲವತ್ತರ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಕೆಂಪಾದ ಕಣ್ಣು.

"ಸೋರಿದರೆ ವಾಸನೆ ಬರೂದಿಲ್ವಾ?" ದಿನಕರ ನಾಯ್ಕರು ಕೇಳಿದರು.

"ವಾಸನೆ ಬೆರೆಸೋದು ಅಡುಗೆ ಸಿಲಿಂಡರಿಗೆ ಸರ್. ದೊಡ್ಡ ಲೈನಿನ ಅನಿಲಕ್ಕೆ ಏನೂ ವಾಸನೆ ಇಲ್ಲ. ಅದಕ್ಕೇ ದಿನಾ ಒಬ್ಬ ಮನುಷ್ಯ ಲೈನಿನ ಮೇಲೆ ನಡೀತಾನೆ. ನೆಲ ಬಿರುಕು ಬಿಟ್ಟಿದೆಯಾ, ಹುಲ್ಲು ಒಣಗಿದೆಯಾ ಅಂತ ನೋಡಿ ರಿಜಿಸ್ಟರಿನಲ್ಲಿ ಬರೀತಾನೆ. ಅದರ ಮೇಲೆ ಹದಿನೈದು ದಿನಕ್ಕೊಮ್ಮೆ ನಾವು ಸರ್ಕಾರಕ್ಕೆ ವರದಿ ಕಳಿಸಬೇಕು."

"ಅಪಘಾತ ಆದ್ರೆ?"

"ಇಪ್ಪತ್ನಾಲ್ಕು ತಾಸಿನೊಳಗೆ ವರದಿ ಹೋಗಬೇಕು. ಇವತ್ತಿನದು ಆಗಲೇ ಹೋಯ್ತು ಸರ್. ಹನ್ನೆರಡು ಗಂಟೆಗೇ."

ರಿಜಿಸ್ಟರನ್ನು ಜಪ್ತಿ ಮಾಡಲಾಯಿತು. ಕಂಬಕ್ಕೊಂದು ಸಾಲು, ದಿನಕ್ಕೊಂದು ಚೌಕ ಮನೆ. 'ಸರಿ ಇದೆ' ಅಥವಾ 'ದೋಷ ಇದೆ', ಎರಡರಲ್ಲಿ ಒಂದನ್ನು ಬರೆದು ಸಹಿ ಹಾಕಬೇಕು. ನಲವತ್ತೊಂದನೆಯ ಕಂಬದ ಎದುರು ದಿನವೂ 'ಸರಿ ಇದೆ'. ಸಹಿ, ಲೈನಿನ ಮೇಲೆ ನಡೆಯುವ ಮಾದೇವನದು. ಅದು ದುಂಡಗಿನ, ಶಾಲೆಯ ಹುಡುಗರ ಅಕ್ಷರದಂಥ ಸಹಿ.

ಇಪ್ಪತ್ತೆಂಟರ ಬುಧವಾರ ಶಂಕ್ರಪ್ಪನು ಹೆಚ್ಚಿನ ಹೇಳಿಕೆಗಾಗಿ ಕೆರಿಯಪ್ಪನ ಮನೆಗೆ ಹೋದನು.

"ಚೌಡವ್ವಗ ದೀಪ ಹಚ್ಚೂದು ನಿಮ್ಮ ಮನೀ ಪಾಳೇನು?"

"ಅಲ್ರಿ. ಅದು ಮಾದೇವನ ಮನೆತನದ್ದು. ಹದಿನೆಂಟನೇ ತಾರೀಕಿಗೆ ಅವರವ್ವ ತೀರಿಕೊಂಡ್ಳು, ಸೂತಕ ಬಂತು. ಅಂವನ ಬಂದು ನನ್ನ ಹೆಂಡ್ತೀಗೆ ಕೇಳಿಕೊಂಡ. ಹನ್ನೊಂದು ದಿನ ಮುಗಿಯೂತನಾ ಮಂಗಳವಾರದ ದೀಪ ನೀ ಹಚ್ಚಬೇಕವ್ವಾ, ಅಂತ."

ಶಂಕ್ರಪ್ಪನ ಮನೆಯಲ್ಲೂ ಆ ವರ್ಷವೇ ಸಾವು ಆಗಿತ್ತು. ಹೆಂಡತಿ ಹೋದ ಮೇಲೆ ಹನ್ನೊಂದು ದಿನ ಅವನು ದೇವರ ಕೋಣೆಯ ಹೊಸ್ತಿಲ ಹೊರಗೆ ನಿಂತವನು. ಮುಂದಿನ ಪ್ರಶ್ನೆ ಕೇಳುವ ಮನಸ್ಸಿರಲಿಲ್ಲ. ಕೇಳಿದನು.

"ಆ ಹನ್ನೊಂದು ದಿನದಾಗ ಮಾದೇವ ಬನದೊಳಗ ಹೋಗ್ತಿದ್ದನೇನು?"

"ಛೇ, ಏನ್ ಮಾತಾಡ್ತೀರಿ. ಅಂವ ಅಂಥಾ ಮನಷ್ಯಾ ಅಲ್ರಿ. ಗಡಿ ಕಲ್ಲಿನ ಹೊರಗ ಚಪ್ಪಲಿ ಬಿಟ್ಟು, ಕೈ ಮುಗದು, ಗದ್ದಿ ಬದುವಿನ ಮ್ಯಾಲೆ ಸುತ್ತು ಹಾಕಿ ಆಚೆ ಕಡಿ ಕಂಬಕ್ಕ ಹೋಗ್ತಿದ್ದ. ಊರೆಲ್ಲಾ ನೋಡೇತಿ. ಅಂಥಾ ನೇಮಸ್ಥ."

ಶಂಕ್ರಪ್ಪನ ಪೆನ್ನು ನಿಂತಿತು. ಕೆರಿಯಪ್ಪ ಸ್ನೇಹಿತನನ್ನು ಹೊಗಳುತ್ತಿದ್ದನು. ಆ ಹೊಗಳಿಕೆಯನ್ನೇ ಸ್ನೇಹಿತನ ವಿರುದ್ಧದ ಸಾಕ್ಷ್ಯವಾಗಿ ಹಾಳೆಯ ಮೇಲೆ ಬರೆಯಬೇಕಾಗಿತ್ತು.

"ಮತ್ತೊಂದು. ದುರ್ಗವ್ವ ಹಿಂದಿನ ಮಂಗಳವಾರ ಹೋದಾಗ ಏನರ ಕಂಡಿದ್ಳೇನು?"

"ಹುಲ್ಲು ಹಳದಿ ಆಗೇತಿ, ಚೌಡವ್ವ ಮುನಿಸಿಕೊಂಡಾಳ ಅಂದ್ಳು. ಮಾದೇವಗೂ ಹೇಳಿದ್ಳು. ಈ ವಾರ ಅವ್ವಗ ಉಡಸಾಕಂತ ಹೊಸ ಸೀರಿ ಒಯ್ದಿದ್ಳು." ಅವನು ಶಂಕ್ರಪ್ಪನ ಕೈಯ ಹಾಳೆಯ ಕಡೆ ನೋಡಿದನು. "ಮಾದೇವನ ಮಾತು ಯಾಕ ಕೇಳ್ತೀರಿ?"

ಇಪ್ಪತ್ತೊಂಬತ್ತರಂದು, ಹನ್ನೊಂದನೆಯ ದಿನದ ಕರ್ಮ ಮುಗಿಸಿದ ಮರುಬೆಳಿಗ್ಗೆ, ಮಾದೇವನು ಕರೆಯದೆಯೇ ಠಾಣೆಗೆ ಬಂದನು. ತಲೆ ಬೋಳಿಸಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಈ ಸಹಿ ನಿಂದಾ?" ದಿನಕರ ನಾಯ್ಕರು ಕೇಳಿದರು.

"ಹೌದ್ರಿ."

"ಹತ್ತೊಂಬತ್ತರಿಂದ ಇಪ್ಪತ್ತಾರರ ತನಕ ಕಂಬದ ಹತ್ರ ಹೋಗಿದ್ಯಾ?"

"ಇಲ್ರಿ."

"ಮತ್ತೆ ಸರಿ ಇದೆ ಅಂತ ಎಂತಕ್ಕೆ ಬರೆದೆ?"

"ಮೊದಲ ದಿನ ಖಾಲಿ ಬಿಟ್ಟಿದ್ದೆ ಸಾಹೇಬ್ರ. ಸುಭಾಷ ಸಾಹೇಬ್ರಿಗೂ ಹೇಳ್ದೆ, ಸೂತಕ ಐತ್ರಿ, ಆ ಒಂದು ಕಂಬಕ್ಕ ಬ್ಯಾರೆಯವ್ರನ್ನ ಕಳಸ್ರಿ ಅಂತ. ಖಾಲಿ ಇದ್ರ ವರದಿ ವಾಪಸ್ ಬರ್ತೈತಿ, ತುಂಬು ಅಂದ್ರು. ತುಂಬಿದೆ."

"ಹುಲ್ಲಿನ ವಿಷಯ?"

"ಇಪ್ಪತ್ತೊಂದಕ್ಕ ಕಿರವತ್ತಿ ಬೂತಿನಿಂದ ಫೋನ್ ಮಾಡಿ ಹೇಳ್ದೆ. ನೀ ಕಣ್ಣಾರೆ ನೋಡೀಯೇನು ಅಂದ್ರು. ಇಲ್ರಿ, ದುರ್ಗಕ್ಕ ನೋಡ್ಯಾಳ ಅಂದೆ. ನೋಡದ್ದನ್ನ ಬರೀಬ್ಯಾಡ, ದೋಷ ಅಂತ ಬರದ್ರ ಲೈನ್ ಬಂದ್ ಮಾಡಿ ಸರ್ಕಾರಕ್ಕ ಉತ್ತರ ಕೊಡಬೇಕಾಗ್ತೈತಿ, ಸೂತಕ ಕಳದ ಮ್ಯಾಲೆ ನೀನ ನೋಡಿ ಹೇಳು ಅಂದ್ರು."

ಶಂಕ್ರಪ್ಪ ಬರೆದುಕೊಂಡನು. ದೇವಿಯ ಕೆಲಸಕ್ಕೆ ತನ್ನ ಬದಲು ಇನ್ನೊಬ್ಬರನ್ನು ಹುಡುಕಿಕೊಟ್ಟವನು ಇವನು. ಕಂಪನಿಯ ಕೆಲಸಕ್ಕೂ ಅದನ್ನೇ ಕೇಳಿದ್ದನು. ಅಲ್ಲಿ ಸಿಗಲಿಲ್ಲ.

"ಅಂದೇ ಇಲ್ಲಿಗೆ ಬಂದು ಹೇಳ್ಬಹುದಿತ್ತಲ್ಲ ತಮ್ಮಾ," ಎಂದನು.

"ಪೊಲೀಸರಿಗೆ ಹುಲ್ಲಿನ ವಿಷಯ ಹೇಳಿದ್ರ ನಗ್ತಿದ್ರಿಲ್ಲೇನ್ರಿ?"

ಶಂಕ್ರಪ್ಪ ಅದನ್ನೂ ಬರೆದುಕೊಂಡನು. ನಗುತ್ತಿದ್ದೆವೆಂದು ಅವನಿಗೂ ಗೊತ್ತಿತ್ತು.

ದಿನಕರ ನಾಯ್ಕರು ಆ ದಿನ ಮಾದೇವನನ್ನು ಬಂಧಿಸಲಿಲ್ಲ. ಮಾದೇವ, ಸುಭಾಷ ಎರಡು ಹೆಸರೂ ಒಟ್ಟಿಗೆ ಕೋರ್ಟಿಗೆ ಹೋಗಬೇಕೆಂದು ಅವರ ಆಸೆ. ಡಿಸೆಂಬರ್ ಮೂರರಂದು ಫೋನಿನ ವಿವರ ಬಂತು. ನವೆಂಬರ್ ಇಪ್ಪತ್ತೊಂದು, ಸಂಜೆ ಐದೂ ಹನ್ನೆರಡು, ಕಿರವತ್ತಿಯ ಬೂತಿನಿಂದ ಸುಭಾಷನ ಮೊಬೈಲಿಗೆ ನಾಲ್ಕು ನಿಮಿಷದ ಕರೆ. ಸುಭಾಷನನ್ನು ಕರೆಸಿದರು.

"ಏನು ಮಾತಾಡಿದ?"

"ಅವರ ತಾಯಿಯ ಕರ್ಮಕ್ಕೆ ರಜೆ ಕೇಳಿದ ಸರ್."

"ಹುಲ್ಲಿನ ಮಾತು ಬರ್ಲೇ ಇಲ್ವಾ?"

"ರಿಜಿಸ್ಟರಿನಲ್ಲಿ ಇದ್ದರೆ ನಾನು ಒಪ್ಪಿಕೊಳ್ತೇನೆ."

"ಖಾಲಿ ಮನೆ ತುಂಬು ಅಂದವರು ಯಾರು?"

ಸುಭಾಷನು ಕಿಟಕಿಯ ಕಡೆ ನೋಡಿದನು. "ಎಪ್ಪತ್ತು ಕಿಲೋಮೀಟರಿಗೆ ನಂಗೆ ನಾಲ್ಕೇ ಜನ ಕೊಟ್ಟಿದ್ದಾರೆ ಸರ್. ಆ ವರದಿಯಲ್ಲಿ 'ನಡೆದಿಲ್ಲ' ಅಂತ ಬರೆಯೋಕೆ ಜಾಗವೇ ಇಲ್ಲ. ಇದನ್ನ ಹೇಳಿಕೆಯಲ್ಲಿ ಬರೀಬೇಡಿ, ಬರೆದರೆ ನಾನು ಹೇಳೇ ಇಲ್ಲ ಅಂತೇನೆ."

ನಾಲ್ಕರಂದು ಸರ್ಕಾರಿ ವಕೀಲರ ಕಾನೂನು ಸಲಹೆ ಬಂತು. ಕರೆ ಬಂದದ್ದಕ್ಕೆ ದಾಖಲೆ ಇದೆ, ಆಡಿದ ಮಾತಿಗೆ ಇಲ್ಲ. ಮಾದೇವನ ಲಿಖಿತ ಇದೆ. ದಿನಕರ ನಾಯ್ಕರು ಅದನ್ನು ಎರಡು ಸಲ ಓದಿ ಶಂಕ್ರಪ್ಪನ ಕಡೆ ಸರಿಸಿದರು. ಸುಭಾಷನು ಕಿಟಕಿಯ ಕಡೆ ನೋಡಿ ಆಡಿದ ಮಾತನ್ನು ಕೇಸ್ ಡೈರಿಯಲ್ಲಿ ಅಕ್ಷರ ಬಿಡದೆ ಬರೆದಿಟ್ಟರು. ಡೈರಿಯ ಬರಹ ಸಾಕ್ಷ್ಯವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಐದರ ಬುಧವಾರ, ಬೆಳಿಗ್ಗೆ ಹತ್ತೂವರೆಗೆ, ಮಾದೇವನನ್ನು ಅವನ ಮನೆಯಂಗಳದಲ್ಲಿ ಬಂಧಿಸಲಾಯಿತು. ಠಾಣೆಯಲ್ಲೇ ಜಾಮೀನು ಸಿಗುವ ಕಲಮೆಂದು ತಿಳಿಸಿದರೂ, ಯಾರನ್ನೂ ಕರೆಯಲು ಅವನು ಒಪ್ಪಲಿಲ್ಲ. ಮಧ್ಯಾಹ್ನ ಕೆರಿಯಪ್ಪ ಬಂದನು.

"ನೀ ಕೇಳಿದ್ದಿ, ಗೊತ್ತಿತ್ತೇನು ಅಂತ," ಎಂದನು ಶಂಕ್ರಪ್ಪ. "ಗೊತ್ತಿತ್ತಪ್ಪ. ಮಾದೇವಗೂ, ಅಂವನ ಸಾಹೇಬಗೂ. ಸಾಹೇಬನ ಮ್ಯಾಲೆ ಬರದದ್ದು ಏನೂ ಇಲ್ಲ."

"ಮಾದೇವನ ಹೆಸರ ತಗೀರಿ."

"ಬರೂದಿಲ್ಲ."

"ಹಂಗಾರ ನಾ ದೂರು ಕೊಟ್ಟದ್ದ ತಪ್ಪಾತ್ರಿ." ಕೆರಿಯಪ್ಪನು ಜಾಮೀನಿನ ಕಾಗದ ಕೇಳಿದನು. ಲಾಕಪ್ಪಿನೊಳಗಿಂದ ಮಾದೇವನು ಬೇಡವೆಂದು ಕೈ ಮುಗಿದನು, ಮುಖ ಎತ್ತಲಿಲ್ಲ.

ಅಪರಾಧಕ್ಕೆ ಕಾರಣವೇನೆಂದು ಬರೆಯುವ ಹಾಳೆಯ ಮುಂದೆ ಶಂಕ್ರಪ್ಪ ಬಹಳ ಹೊತ್ತು ಕುಳಿತನು. ದುರಾಸೆಯೆಂದು ಬರೆಯುವಂತಿರಲಿಲ್ಲ, ಸೋಮಾರಿತನವೂ ಅಲ್ಲ, ಉಳಿದ ಕಂಬಗಳನ್ನು ಅವನು ತಾಯಿ ಸತ್ತ ಮರುದಿನವೂ ನಡೆದಿದ್ದನು. ಮೈಲಿಗೆಯಲ್ಲಿ ದೇವಿಯ ನೆಲ ತುಳಿಯಲು ಹೆದರಿದನು, ಸತ್ಯ ಬರೆದರೆ ಕೆಲಸ ಹೋದೀತೆಂದು ಹೆದರಿದನು. 'ಭಯ' ಎಂದು ಬರೆದು ಮುಗಿಸಿದನು.

ಏಳರ ಶುಕ್ರವಾರ ದುರ್ಗಿಯ ಹನ್ನೊಂದನೆಯ ದಿನ. ಶಂಕ್ರಪ್ಪನು ಸಮವಸ್ತ್ರ ಕಳಚಿಟ್ಟು ಕೆರಿಯಪ್ಪನ ಮನೆಗೆ ಹೋಗಿ, ಎಡೆಯ ಮುಂದೆ ತಲೆಬಾಗಿ ನಿಂತು ಮನಸ್ಸಿನಲ್ಲೇ ಬೇಡಿಕೊಂಡನು. ದೇವರೇ, ಈ ತಾಯಿ ಇನ್ನೊಬ್ಬರ ಪಾಳಿಯ ದೀಪ ಹಚ್ಚಲು ಹೋಗಿ ಪ್ರಾಣ ಬಿಟ್ಟಳು. ನಮ್ಮಿಂದ ಅವಳಿಗೆ ನ್ಯಾಯ ಕೊಡಲಾಗಲಿಲ್ಲ. ನಿನ್ನ ಪಾದದ ಬಳಿ ಅವಳಿಗೆ ತಂಪಾದ ಜಾಗ ಕೊಡು. ಅವಳ ಆತ್ಮಕ್ಕೆ ಶಾಂತಿಯಾಗಲಿ.